ಬಿ.ಎಚ್. ರಸ್ತೆಯ ಕೊನೆಯ ನೀರು

ತಿಪಟೂರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ಪೂರ್ಣ ಹೆಸರನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ತಡವರಿಸುತ್ತಾರೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಾದಿಯಾದುದರಿಂದ ಅದಕ್ಕೆ ಆ ಹೆಸರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಕಡಲಿಗೆ ಪ್ರವಾಸ ಹೊರಟರೆ, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ಕಳೆದು, ಈ ಹಾದಿಯಲ್ಲಿಯೇ ಶರಾವತಿಯ ಅಳಿವೆಯನ್ನು ಮುಟ್ಟಬಹುದು. ಅಲ್ಲಿ ಮೀನುಗಳನ್ನು ಗುರುತಿಸಿ, ನೀರನ್ನು ಶೀಸೆಯಲ್ಲಿ ತುಂಬಿ, ಸಿಲ್ವರ್ ನೈಟ್ರೇಟಿನ ನೆರವಿನಿಂದ ಅದರ ಉಪ್ಪಿನಂಶವನ್ನು ಅಳೆಯುವುದು ವಾಡಿಕೆ. ಹಾಗೆ ದೊರೆತ ಅಂಕಿಗೂ ಒಂದು ಇತಿಹಾಸವುಂಟೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಮಳೆಗಾಲದಲ್ಲಿ ಅಳಿವೆಯು ನದಿಯ ಸಿಹಿನೀರಿನಿಂದ ತುಂಬಿರುತ್ತದೆ. ಬೇಸಗೆಯಲ್ಲಿ ನದಿ ಸೊರಗಿದಾಗ ಭರತದೊಡನೆ ಕಡಲಿನ ನೀರು ಬಹುದೂರ ಒಳಕ್ಕೆ ಏರುತ್ತದೆ. ಬಳಚು ಮೊದಲಾದ ಚಿಪ್ಪುಜೀವಿಗಳೂ ಹಲವು ಮೀನುಗಳೂ ಈ ಋತುಕ್ರಮಕ್ಕೆ ಹೊಂದಿಕೊಂಡು ಬಾಳುವಂಥವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ತರುವಾಯ ವಿದ್ಯುದಾಗಾರಗಳನ್ನು ದಾಟಿದ ಸಿಹಿನೀರು ಬೇಸಗೆಯಲ್ಲಿಯೂ ಧಾರಾಳವಾಗಿ ಕೆಳಗಿಳಿಯತೊಡಗಿತು. ಉಪ್ಪು ಕುಗ್ಗಿತು, ಅಳಿವೆಯ ಒಳಭಾಗದಿಂದ ಚಿಪ್ಪುಜೀವಿಗಳು ಮರೆಯಾದವು. ಉತ್ತರಕ್ಕೆ ನೆರೆಯಲ್ಲಿಯೇ ಇರುವ, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು ತೆಗೆಯುವ ಕಸುಬು ಬಹುಕಾಲ ಸಮೃದ್ಧವಾಗಿ ನಡೆದುದನ್ನು ಇದರೊಡನೆ ಹೋಲಿಸಿ ನೋಡಬೇಕು. ಇದನ್ನರಿಯದ ವಿದ್ಯಾರ್ಥಿಯು ಬೇಸಗೆಯ ಸಪ್ಪೆ ನೀರನ್ನು ಶರಾವತಿಯ ಸ್ವಭಾವವೆಂದೇ ಬರೆದುಕೊಳ್ಳುವನು. (ದಕ್ಕೆಯಲ್ಲಿ ಕೊಂಡ ಬಂಗಡೆಯನ್ನು ಅಳಿವೆಯ ಮೀನುಗಳ ಪಟ್ಟಿಗೆ ಸೇರಿಸುವ ಪ್ರಮಾದವು ಬೇರೆಯೇ ಮಾತು!)

ಇದೇ ರಸ್ತೆಯ ಮೇಲಿನ ಕಡೂರಿನ ಹೆಸರನ್ನು ಹೊತ್ತಿದ್ದ ಅಂದಿನ ಜಿಲ್ಲೆಯ ಮೀನುಗಳನ್ನು ಕುರಿತು ಬಿ.ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಅಣೆಕಟ್ಟುಗಳು ಹೆಚ್ಚುವುದಕ್ಕೆ ಮೊದಲಿನ ಇಂಥ ದಾಖಲೆಯ ಬೆಲೆ ಈಗ ತಿಳಿಯುತ್ತದೆ. ನಮ್ಮ ಸೀಮೆಯ ಕೆರೆಗಳೂ ಬದಲಾಗಿವೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ, ಮಳೆಯನ್ನೇ ನಂಬಿದ್ದ ತುರುವೇಕೆರೆಯ ಮಲ್ಲಾಘಟ್ಟ ಕೆರೆಗೆ ನಾಲೆಯ ನೀರು ಬಂದಿತು. ಅದರೊಡನೆ ಯಾವ ಮೀನು ಸೇರಿತು, ಯಾವುದು ಅಳಿಯಿತು ಎಂಬುದನ್ನು ನಿರ್ಧರಿಸಲು ನಾಲೆಗೆ ಮುಂಚಿನ ಬರಹಗಳು ಬೇಕು. ವಿದ್ಯಾರ್ಥಿಗಳ ಹಳೆಯ ಟಿಪ್ಪಣಿ ಪುಸ್ತಕಗಳು ಅಂಥವು. ಆದರೆ ಪರೀಕ್ಷೆ ಮುಗಿದೊಡನೆ ಅವು ರದ್ದಿಯ ಅಂಗಡಿಗೆ ಹೋಗುತ್ತವೆ.

ಆದುದರಿಂದ ಅಧ್ಯಾಪಕಮಿತ್ರರಲ್ಲಿ ನಮ್ಮ ಕೋರಿಕೆಯಿಷ್ಟೆ: ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ದಿನ, ಸ್ಥಳ, ಭರತವೋ ಇಳಿತವೋ ಎಂಬುದನ್ನು ಬರೆಯಿಸಿ, ಆ ಪುಸ್ತಕಗಳನ್ನು ವಿಭಾಗದ ಬೀರುವಿನಲ್ಲಿ ಇರಿಸಬೇಕು, ಹೊನ್ನಾವರಕ್ಕೆ ಹೊರಡುವ ಹಿಂದಿನ ದಿನ, ಅವೇ ಶೀಸೆಗಳನ್ನು ಹಿಡಿದು ಮಲ್ಲಾಘಟ್ಟಕ್ಕೂ ಒಮ್ಮೆ ಹೋಗಿಬರಬೇಕು.