ಆಪ್ಟಿಕಲ್ ಡ್ರೈವ್ ಅಳವಡಿಕೆ

ಸಿಡಿ, ಡಿವಿಡಿ, ಬ್ಲೂ-ರೇ ತಟ್ಟೆಗಳನ್ನು ಲೇಸರ್ ಕಿರಣದಿಂದ ಓದುವ ಅಥವಾ ಬರೆಯುವ ಡ್ರೈವನ್ನು ಡೆಸ್ಕ್‌ಟಾಪ್ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಕೂರಿಸಿ, ಮದರ್‌ಬೋರ್ಡಿಗೂ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ಗೂ ಜೋಡಿಸುವ ಕೆಲಸ. 1990ರ ದಶಕದ ಆರಂಭದಿಂದ ಸುಮಾರು ಕಾಲು ಶತಮಾನ ಇದು ಕಂಪ್ಯೂಟರ್ ಜೋಡಣೆಯ ಭಾಗವಾಗಿತ್ತು. ಡ್ರೈವನ್ನು ಖಾನೆಯಲ್ಲಿ ಕೂರಿಸುವುದು ಎಂದೂ ಸುಲಭವೇ. ಕೂತದ್ದನ್ನು ಕಂಪ್ಯೂಟರ್ ಗುರುತಿಸುವಂತೆ ಮಾಡುವುದರಲ್ಲೇ ಜೋಡಿಸುವವರ ಹೊತ್ತು ಹೋಗುತ್ತಿತ್ತು.

ಖಾನೆಯ ಅಳತೆ

ಡ್ರೈವ್ ಕೂರುವ ಜಾಗ ಸಿಡಿಗೆಂದು ಮಾಡಿದ್ದಲ್ಲ. 1976ರಲ್ಲಿ ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ತಂದ ಐದೂಕಾಲು ಅಂಗುಲದ ಫ್ಲಾಪಿ ಡ್ರೈವಿನ ಅಗಲ 146 ಮಿ.ಮೀ. ಅದೇ ಅಳತೆ 1981ರ ಐಬಿಎಂ ಪಿಸಿಯ ಮೂಲಕ ಎಲ್ಲ ಕ್ಯಾಬಿನೆಟ್‌ಗಳಿಗೂ ರೂಢಿಯಾಯಿತು. ಎತ್ತರ ಮಾತ್ರ ಮುಂದೆ ಅರ್ಧಕ್ಕಿಳಿದು ಸುಮಾರು 41 ಮಿ.ಮೀ.ಗೆ ನಿಂತಿತು. ಇತ್ತ ಫಿಲಿಪ್ಸ್ ಮತ್ತು ಸೋನಿ ಸಂಗೀತಕ್ಕೆಂದು ಗೊತ್ತುಮಾಡಿದ ಸಿಡಿಯ ವ್ಯಾಸ 120 ಮಿ.ಮೀ. ಫ್ಲಾಪಿಯ ಗೂಡಿನಲ್ಲಿ ಸಿಡಿ ಸರಿಯಾಗಿ ಹಿಡಿಸಿದ್ದು ಅದೃಷ್ಟವೆನ್ನಬೇಕು.

ಸಿಡಿಯಲ್ಲಿ ಕಂಪ್ಯೂಟರ್ ಮಾಹಿತಿ ಇಡುವ ಸಿಡಿ-ರಾಮ್ ಮಾನದಂಡ 1983ರದು. ಮೊದಮೊದಲ ಡ್ರೈವ್‌ಗಳು ಕಂಪ್ಯೂಟರಿನ ಪಕ್ಕದಲ್ಲಿಡುವ ಬೇರೆ ಪೆಟ್ಟಿಗೆಗಳಾಗಿದ್ದವು. 1985ರಲ್ಲಿ ಗ್ರೋಲಿಯರ್ ವಿಶ್ವಕೋಶ ಸಿಡಿಯ ಮೇಲೆ ಬಂತು.  ಹಾರ್ಡ್ ಡಿಸ್ಕುಗಳೇ ಕೆಲವು ಹತ್ತು ಎಂಬಿ ಇದ್ದ ಕಾಲದಲ್ಲಿ ಒಂದು ತಟ್ಟೆ ಸುಮಾರು 650 ಎಂಬಿ ಹಿಡಿಯುತ್ತಿತ್ತು.

ಕಾರ್ಡು ಮತ್ತು ಡ್ರೈವರು

1990ರ ದಶಕದ ಆರಂಭದಲ್ಲಿ ಡ್ರೈವ್ ಒಳಗೆ ಬಂತು, ಆದರೆ ಅದನ್ನು ಚುಚ್ಚಲು ಮದರ್‌ಬೋರ್ಡಿನಲ್ಲಿ ಜಾಗವೇ ಇರಲಿಲ್ಲ. ಡ್ರೈವನ್ನು ಸೇರಿಸಬಲ್ಲ ಸ್ಕಸಿ ಕಾರ್ಡು ದುಬಾರಿ. ಸೋನಿ, ಮಿತ್ಸುಮಿ, ಪ್ಯಾನಸೋನಿಕ್ ತಂತಮ್ಮದೇ ಬಗೆಯ ಸಂಪರ್ಕ ಇಟ್ಟುಕೊಂಡಿದ್ದವು. ಒಂದರ ಡ್ರೈವ್ ಇನ್ನೊಂದರ ಕಾರ್ಡಿಗೆ ಕೂಡುತ್ತಿರಲಿಲ್ಲ. ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ 16 ಕಾರ್ಡಿನ ಒಂದು ಮಾದರಿಯಲ್ಲಿ ಈ ಮೂರಕ್ಕೂ ಒಂದೊಂದು ಕನೆಕ್ಟರ್ ಇತ್ತು. ಡ್ರೈವ್, ಸೌಂಡ್ ಕಾರ್ಡ್, ಸ್ಪೀಕರ್ ಎಲ್ಲ ಸೇರಿಸಿದ ‘ಮಲ್ಟಿಮೀಡಿಯಾ ಕಿಟ್’ ಆ ಕಾಲದ ಸರಕಾದದ್ದು ಇದೇ ಕಾರಣಕ್ಕೆ. ಹೊಂದುವ ಜೋಡಿ ಹುಡುಕುವ ತಾಪತ್ರಯ ತಪ್ಪುತ್ತಿತ್ತು.

ತಂತಿ ಚುಚ್ಚಿದ ಮೇಲೆ ನಿಜವಾದ ಕೆಲಸ. ಆಗಿನ ಕಾರ್ಯಾಚರಣಾ ವ್ಯವಸ್ಥೆಯಾದ ಡಾಸ್‌ಗೆ ಸಿಡಿ ಎಂದರೇನೆಂದೇ ಗೊತ್ತಿರಲಿಲ್ಲ. ಡ್ರೈವಿನ ಜೊತೆ ಫ್ಲಾಪಿಯಲ್ಲಿ ಬಂದ ಡ್ರೈವರನ್ನು ಕಾನ್ಫಿಗ್.ಸಿಸ್ ಕಡತದಲ್ಲಿ ಒಂದು ಹೆಸರಿನೊಂದಿಗೆ ನಮೂದಿಸಬೇಕು. ಮೈಕ್ರೋಸಾಫ್ಟಿನ ಎಂಎಸ್‌ಸಿಡಿಇಎಕ್ಸ್ ಎಂಬ ಪ್ರೋಗ್ರಾಮನ್ನು ಆಟೋಎಕ್ಸೆಕ್.ಬ್ಯಾಟ್ ಕಡತದಲ್ಲಿ ಅದೇ ಹೆಸರಿನೊಂದಿಗೆ ಕರೆಯಬೇಕು. ಎರಡು ಹೆಸರುಗಳಲ್ಲಿ ಒಂದಕ್ಷರ ತಪ್ಪಿದರೂ ಡ್ರೈವ್ ಕಾಣಿಸುವುದಿಲ್ಲ. ಇವೆರಡೂ ಡಾಸ್‌ನ 640 ಕೆಬಿ ಮೆಮೊರಿಯಲ್ಲೇ ಪಾಲು ಕೇಳುವುದರಿಂದ, ಸಿಡಿಯಲ್ಲಿ ಬಂದ ಆಟವನ್ನು ಆಡಿಸಲು ಸಿಡಿ ಡ್ರೈವರೇ ಅಡ್ಡಿಯಾಗುವ ವಿಚಿತ್ರವೂ ನಡೆಯುತ್ತಿತ್ತು.

ಐಡಿಇ ಕಾಲ

ಹಾರ್ಡ್ ಡಿಸ್ಕ್ ಸೇರುವ ಐಡಿಇ ಕೇಬಲ್ಲಿಗೇ ಸಿಡಿ ಡ್ರೈವನ್ನೂ ಸೇರಿಸುವ ಅಟಾಪಿ ವ್ಯವಸ್ಥೆ 1990ರ ದಶಕದ ನಡುವೆ ಬಂದು ಬೇರೆ ಕಾರ್ಡಿನ ಗೊಡವೆ ಮುಗಿಸಿತು. ಈ ಸರಳತೆಗೆ ತನ್ನದೇ ವಿಧಿಗಳಿದ್ದವು. ಒಂದು ಕೇಬಲ್ಲಿಗೆ ಎರಡೇ ಸಾಧನ. ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂಬುದನ್ನು ಡ್ರೈವಿನ ಬೆನ್ನಲ್ಲಿರುವ ಪುಟ್ಟ ಜಂಪರ್ ಹೇಳಬೇಕು. ಎರಡೂ ಮಾಸ್ಟರ್ ಎಂದುಕೊಂಡರೆ ಒಂದೋ ಎರಡೋ ಮಾಯ. ಚಪ್ಪಟೆ ಕೇಬಲ್ಲಿನ ಬಣ್ಣದ ಅಂಚು ಒಂದನೇ ಪಿನ್ನಿನ ಕಡೆ ಇರಬೇಕು. ಮಾನದಂಡದ ಪ್ರಕಾರ ಕೇಬಲ್ಲಿನ ಉದ್ದ 18 ಅಂಗುಲ ಮೀರುವಂತಿಲ್ಲ. ಎತ್ತರದ ಟವರ್ ಕ್ಯಾಬಿನೆಟ್ಟಿನ ಮೇಲಿನ ಖಾನೆಗೆ ಅದು ಎಟುಕದೆ ಡ್ರೈವನ್ನು ಒಂದು ಖಾನೆ ಕೆಳಗಿಳಿಸಬೇಕಾಗುತ್ತಿತ್ತು. ಎಸ್‌ಎಂಪಿಎಸ್‌ನಿಂದ ನಾಲ್ಕು ತಂತಿಯ ಮೋಲೆಕ್ಸ್: ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು. ಜೊತೆಗೆ ಸೌಂಡ್ ಕಾರ್ಡಿಗೆ ಹೋಗುವ ಸಪೂರ ಆಡಿಯೋ ಕೇಬಲ್. ಅದನ್ನು ಮರೆತರೆ ಸಿಡಿಯ ಕಡತಗಳೆಲ್ಲ ತೆರೆಯುತ್ತವೆ, ಹಾಡು ಮಾತ್ರ ಕೇಳಿಸುವುದಿಲ್ಲ.

ವಿಂಡೋಸ್ 95 ಡ್ರೈವರಿನ ತಲೆನೋವನ್ನು ಬಹುಮಟ್ಟಿಗೆ ಕಳೆದರೂ, ಆ ವಿಂಡೋಸನ್ನೇ ಸಿಡಿಯಿಂದ ಹಾಕಲು ಬೂಟ್ ಫ್ಲಾಪಿ ಬೇಕಿತ್ತು. ಸಿಡಿಯಿಂದಲೇ ಕಂಪ್ಯೂಟರ್ ಶುರುವಾಗುವ ಕ್ರಮವನ್ನು ಫೀನಿಕ್ಸ್ ಮತ್ತು ಐಬಿಎಂ 1995ರಲ್ಲಿ ರೂಪಿಸಿದವು. ಅದರ ಹೆಸರು ‘ಎಲ್ ಟೊರಿಟೊ’, ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನದು.

ಸಿಡಿಯ ಮೂಲ ವೇಗ ಸೆಕೆಂಡಿಗೆ 150 ಕೆಬಿ. ದಶಕ ಮುಗಿಯುವಷ್ಟರಲ್ಲಿ ಅದರ 50 ಪಟ್ಟಿನ ಆಸುಪಾಸಿಗೆ ಬಂದು, ತಟ್ಟೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗತೊಡಗಿತು. ಡ್ರೈವಿನ ಎರಡೂ ಪಕ್ಕದಲ್ಲಿ ಸ್ಕ್ರೂ ಬಿಗಿಯಬೇಕೆಂಬ ಮಾತಿಗೆ ತೂಕ ಬಂದದ್ದು ಆಗಲೇ. ಸಡಿಲ ಬಿಟ್ಟರೆ ಕ್ಯಾಬಿನೆಟ್ಟೇ ಗುಂಯ್‌ಗುಟ್ಟುತ್ತಿತ್ತು. ಸೀಳು ಬಿಟ್ಟ ತಟ್ಟೆ ಒಳಗೇ ಚೂರಾಗುವುದೂ ಇತ್ತು.

ಹಳೆಯ ಸಿಡಿ ಡ್ರೈವ್ ತೆಗೆದು ತಟ್ಟೆಗೆ ಬರೆಯಲೂ ಬಲ್ಲ ರೈಟರ್ ಹಾಕಿಸುವುದು 2000ದ ನಂತರ ಬೆಂಗಳೂರಿನ ಎಸ್.ಪಿ. ರೋಡಿನಂಥ ಬಿಡಿಭಾಗಗಳ ಪೇಟೆಯಲ್ಲಿ ದಿನನಿತ್ಯದ ವ್ಯವಹಾರವಾಯಿತು. ಖಾಲಿ ತಟ್ಟೆಗಳನ್ನು ನಮ್ಮದೇ ದೇಶದ ಮೋಸರ್ ಬೇಯರ್ ತಯಾರಿಸುತ್ತಿತ್ತು. ಡಿವಿಡಿ ಡ್ರೈವಿನ ಜೊತೆ ಬಂದದ್ದು ಒಂದು ವಲಯದ ಸಿನಿಮಾ ತಟ್ಟೆ ಇನ್ನೊಂದು ವಲಯದ ಡ್ರೈವಿನಲ್ಲಿ ಓಡದಂಥ ಕಟ್ಟು: ಭಾರತ ಐದನೇ ವಲಯ, 2000ದಿಂದ ಬಂದ ಡ್ರೈವ್‌ಗಳಲ್ಲಿ ಬಳಕೆದಾರ ವಲಯ ಬದಲಿಸಬಹುದಾದದ್ದು ಐದೇ ಸಲ.

ಸಾಟಾ ಮತ್ತು ನಂತರ

2003ರಲ್ಲಿ ಬಂದ ಸಾಟಾ ಎಂಬ ಹೊಸ ಸಂಪರ್ಕದಲ್ಲಿ ಒಂದು ಕೇಬಲ್ಲಿಗೆ ಒಂದೇ ಸಾಧನ. ಜಂಪರ್ ಇಲ್ಲ, ಕನೆಕ್ಟರ್ ತಿರುವುಮುರುವಾಗಿ ಕೂರುವುದಿಲ್ಲ, ಕೇಬಲ್ ಒಂದು ಮೀಟರಿನವರೆಗೂ ಇರಬಹುದು. ಇಂಟೆಲ್ 2006ರಿಂದ ತನ್ನ ಹೊಸ ಡೆಸ್ಕ್‌ಟಾಪ್ ಚಿಪ್‌ಸೆಟ್‌ಗಳಲ್ಲಿ ಹಳೆಯ ಐಡಿಇಯನ್ನು ಕೈಬಿಟ್ಟಿತು. ಹೀಗೆ ಅಳವಡಿಕೆ ಯಾರಿಗಾದರೂ ಸಾಧ್ಯವಾದ ಹೊತ್ತಿಗೆ ಪೆನ್ ಡ್ರೈವ್ ಮತ್ತು ಇಂಟರ್ನೆಟ್ ಡ್ರೈವಿನ ಕೆಲಸವನ್ನೇ ಕಿತ್ತುಕೊಂಡಿದ್ದವು. ಈಗಿನ ಬಹುತೇಕ ಕ್ಯಾಬಿನೆಟ್‌ಗಳ ಮುಂಭಾಗದಲ್ಲಿ ಫ್ಯಾನುಗಳಿವೆ, ಐದೂಕಾಲು ಅಂಗುಲದ ಖಾನೆ ಇಲ್ಲ.

ಖಾನೆ ಇದ್ದವರಿಗೂ ಹೊಸ ತೊಡಕೊಂದಿದೆ. 4ಕೆ ಬ್ಲೂ-ರೇ ಸಿನಿಮಾವನ್ನು ಕಂಪ್ಯೂಟರಿನಲ್ಲಿ ಅಧಿಕೃತವಾಗಿ ನೋಡಲು ಇಂಟೆಲ್ ಪ್ರೊಸೆಸರಿನ ಎಸ್‌ಜಿಎಕ್ಸ್ ಎಂಬ ಭದ್ರತಾ ಸೌಲಭ್ಯ ಬೇಕು. 2021ರಲ್ಲಿ ಬಂದ 11ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಂದ ಇಂಟೆಲ್ ಅದನ್ನು ತೆಗೆದುಹಾಕಿದೆ. ಡ್ರೈವ್ ಸರಿಯಾಗಿ ಕೂತು, ಕಂಪ್ಯೂಟರ್ ಅದನ್ನು ಗುರುತಿಸಿದ ಮೇಲೂ ಅಂಥ ಕಡೆ ಆ ತಟ್ಟೆ ಓಡುವುದಿಲ್ಲ.