ಸವಾನಾ ನಗರದ ಚೌಕಗಳಲ್ಲಿ

ಬೇ ಸ್ಟ್ರೀಟಿನ ಎತ್ತರದಿಂದ ನದಿಯ ದಂಡೆಗೆ ಇಳಿಯುವ ಕಡಿದಾದ ದಾರಿಯಲ್ಲಿ ನೆಲವನ್ನು ನೋಡಿಯೇ ಹೆಜ್ಜೆಯಿಡಬೇಕು. ಏಕೆಂದರೆ ಅಲ್ಲಿ ಹಾಸಿರುವ ಕಲ್ಲುಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ಅವು ಈ ಸೀಮೆಯವೂ ಅಲ್ಲ. ಹಗುರವಾದ ಹಡಗು ಸಮುದ್ರದಲ್ಲಿ ಮಗುಚದಿರಲೆಂದು ಒಡಲಲ್ಲಿ ತುಂಬಿ ತಂದ ಕಲ್ಲುಗಳನ್ನು ನಾವಿಕರು ಇಲ್ಲಿ ಸುರಿದು, ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಹೋಗುತ್ತಿದ್ದರು.

ಆ ಹತ್ತಿಗೆ ನಮ್ಮ ನಾಡಿನ ನಂಟೂ ಉಂಟು. 1793ರಲ್ಲಿ ಈ ನಗರದ ಸಮೀಪದ ಮಲ್ಬರಿ ಗ್ರೋವ್ ಎಂಬ ತೋಟದಲ್ಲಿ ಈಲೈ ವಿಟ್ನಿಯು ಅರಳೆಯಿಂದ ಕಾಳನ್ನು ಬೇರ್ಪಡಿಸುವ ಯಂತ್ರವನ್ನು ರಚಿಸಿದನು. ಅರ್ಧ ಶತಮಾನದ ತರುವಾಯ ಈಸ್ಟ್ ಇಂಡಿಯಾ ಕಂಪನಿಯವರು ಅಮೆರಿಕದ ಬೀಜವನ್ನು ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬಿತ್ತಿಸಿ, ಅದೇ ಬಗೆಯ ಗರಗಸದ ಜಿನ್ನುಗಳನ್ನು ಅಲ್ಲಿಗೂ ತಂದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಈ ಬಂದರು ಮುಚ್ಚಿದಾಗ ಧಾರವಾಡದ ಹತ್ತಿಗೆ ಬೆಲೆ ಬಂದಿತು. ಆದರೆ ವಿಟ್ನಿಯ ಯಂತ್ರವು ಕಾಳು ಬಿಡಿಸುವ ಶ್ರಮವನ್ನು ಹಗುರಗೊಳಿಸಿತಾದರೂ, ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ದಾಸರ ಬಂಧನವನ್ನು ಇನ್ನಷ್ಟು ಬಿಗಿಮಾಡಿತೆಂಬುದನ್ನು ಮರೆಯಲಾಗದು. ದಾಸ್ಯವೇ ಕೂಡದೆಂದು 1735ರಲ್ಲಿ ಶಾಸನ ಮಾಡಿಕೊಂಡಿದ್ದ, ಈ ನಗರವಿರುವ ಜಾರ್ಜಿಯಾ, 1751ರಲ್ಲಿಯೇ ಆ ವ್ರತವನ್ನು ಬಿಟ್ಟುಕೊಟ್ಟಿತ್ತು.

1733ರಲ್ಲಿ ಜೇಮ್ಸ್ ಓಗಲ್ತಾರ್ಪನು ಈ ನಗರವನ್ನು ಕಟ್ಟುವಾಗ ಪ್ರತಿಯೊಂದು ಪೇಟೆಯ ನಡುವೆಯೂ ಒಂದು ಚೌಕವಿರಬೇಕೆಂದು ಸಂಕಲ್ಪಿಸಿದನು. ಕಾಲಕ್ರಮದಲ್ಲಿ ಇಪ್ಪತ್ತನಾಲ್ಕಾದ ಆ ಚೌಕಗಳಲ್ಲಿ 22 ಇಂದಿಗೂ ಉಳಿದಿವೆ. ಓಕ್ ಮರಗಳ ನೆರಳು, ಕೊಂಬೆಗಳಿಂದ ಜಟೆಯಂತೆ ಇಳಿಬಿದ್ದ ಬೂದುಬಣ್ಣದ ಬಿಳಲು, ಒಂದು ಕಲ್ಲುಬೆಂಚು. ಕಾಲು ಸೋಲುವ ಮೊದಲೇ ಮತ್ತೊಂದು ಚೌಕ ಎದುರಾಗುವುದರಿಂದ ನಡೆಯುವವನಿಗೆ ಇದಕ್ಕಿಂತ ಕರುಣಾಳುವಾದ ಊರನ್ನು ನಾನು ಕಂಡಿಲ್ಲ.

ರೈಟ್ ಚೌಕದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಪರದೇಶಿಗಳಾಗಿ ಬಂದ ಓಗಲ್ತಾರ್ಪನ ಜನಕ್ಕೆ ನೆಲೆಯಿತ್ತ ಯಾಮಕ್ರಾ ಕುಲದ ಮುಖ್ಯಸ್ಥ ಟೊಮೊಚಿಚಿಯು 1739ರಲ್ಲಿ ತೀರಿಕೊಂಡಾಗ ಅವನನ್ನು ಗೌರವದಿಂದ ಅಲ್ಲಿ ಮಣ್ಣುಮಾಡಿದರು; 1883ರಲ್ಲಿ ಆ ಸ್ಥಳದಲ್ಲಿಯೇ ರೈಲ್ವೆಯ ಧನಿಕನೊಬ್ಬನ ಸ್ಮಾರಕವನ್ನು ನಿಲ್ಲಿಸಿದರು. ಅನಂತರ, 1899ರಲ್ಲಿ, ಚೌಕದ ಮೂಲೆಯಲ್ಲಿ ಒಂದು ಬೆಣಚುಕಲ್ಲಿನ ಬಂಡೆಯನ್ನಿರಿಸಿ ಟೊಮೊಚಿಚಿಯ ಹೆಸರನ್ನು ಬರೆಯಿಸಿದರು. ಅನ್ನವಿತ್ತವನಿಗೆ ಮೂಲೆ ಸಲ್ಲಬಾರದಿತ್ತು.

ನದಿಗೆ ಹತ್ತಿರದ ಬೇ ಲೇನ್ ಎಂಬ ಸಣ್ಣ ಓಣಿಗೆ ಯಾತ್ರಿಕರು ಹೋಗುವುದು ಅಪರೂಪ. ಕರಿಯರಿಗೆ ಅಕ್ಷರ ಕಲಿಸುವುದು ಅಪರಾಧವೆಂದು 1829ರಲ್ಲಿ ಈ ರಾಜ್ಯ ವಿಧಿಸಿದ್ದ ಕಾಲದಲ್ಲಿ, ಇಲ್ಲಿಯ ವಿಧವೆಯೊಬ್ಬಳ ಅಡುಗೆಮನೆಯಲ್ಲಿ ಗುಟ್ಟಾಗಿ ಒಂದು ಶಾಲೆ ನಡೆಯುತ್ತಿತ್ತು. 1848ರಲ್ಲಿ ದಾಸ್ಯದಲ್ಲಿಯೇ ಹುಟ್ಟಿದ ಸೂಸಿ ಎಂಬ ಬಾಲಿಕೆ, ಪೊಲೀಸರ ಕಣ್ಣಿಗೆ ಬೀಳದಂತೆ ಪುಸ್ತಕಕ್ಕೆ ಕಾಗದ ಸುತ್ತಿಕೊಂಡು ಬೆಳಗಿನ ಒಂಬತ್ತರ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದಳು. ಮಕ್ಕಳು ಒಟ್ಟಾಗಿ ಬಾರದೆ ಒಬ್ಬೊಬ್ಬರಾಗಿ ಒಳಹೋಗುತ್ತಿದ್ದರು. ಅವರು ಯಾವುದೋ ಕಸುಬು ಕಲಿಯುತ್ತಿರುವರೆಂದು ನೆರೆಯವರು ತಿಳಿದಿದ್ದರು. ಹದಿನಾಲ್ಕನೆಯ ವಯಸ್ಸಿಗೇ ಅವಳು ಬಿಡುಗಡೆ ಹೊಂದಿದವರಿಗೆ ಉಪಾಧ್ಯಾಯಿನಿಯಾದಳು. ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ, ಸವಾನಾಕ್ಕೆ ಮರಳಿ ಶಾಲೆ ತೆರೆದಳು. 1902ರಲ್ಲಿ ತನ್ನ ನೆನಪುಗಳನ್ನು ಅಚ್ಚುಹಾಕಿಸಿದಳು.

ದಾಸ್ಯಪದ್ಧತಿಯ ಪಕ್ಷಪಾತಿಯಾಗಿದ್ದ ಜಾನ್ ಕಾಲ್‌ಹೌನನ ಹೆಸರು ಹೊತ್ತಿದ್ದ ಚೌಕಕ್ಕೆ 2023ರಲ್ಲಿ ನಗರಸಭೆಯು ಇದೇ ಸೂಸಿ ಕಿಂಗ್ ಟೇಲರಳ ಹೆಸರಿಡಲು ನಿರ್ಣಯಿಸಿತು. ಈ ನಗರದ ಚೌಕಗಳಲ್ಲಿ ಸ್ತ್ರೀಯೊಬ್ಬಳ ಹೆಸರು ಪಡೆದದ್ದು ಇದೇ ಮೊದಲು.

ನಮ್ಮ ಬಂಧುಗಳಲ್ಲಿ ನನ್ನದೊಂದು ವಿಜ್ಞಾಪನೆ. ಭಾನುವಾರದ ಕನ್ನಡ ತರಗತಿ ಮುಗಿದ ಮೇಲೆ ಒಂದು ದಿನ ಮಕ್ಕಳನ್ನು ಬೇ ಲೇನಿಗೆ ಕರೆತನ್ನಿ. ಅಲ್ಲಿಂದ ಟೇಲರ್ ಚೌಕದವರೆಗೆ, ಕನ್ನಡ ಪುಸ್ತಕ ಅವರ ಕೈಯಲ್ಲಿರುವಂತೆಯೇ, ನಡೆಸಿಕೊಂಡು ಹೋಗಿ.