ದಕ್ಕದ ಮಕ್ಕಳು

ಜನಗಣತಿಯ ವರದಿಯನ್ನು ಕಥೆಪುಸ್ತಕದಂತೆ ಓದುವವರು ಕಡಿಮೆ. ಆದರೆ ಕೊಡಗಿನ ಹಳೆಯ ಲೆಕ್ಕವನ್ನು ಒಮ್ಮೆ ಓದಿದರೆ ಅದು ಮನಸ್ಸನ್ನು ಬಿಟ್ಟು ಹೋಗುವುದಿಲ್ಲ. 1901ರಲ್ಲಿ ಈ ಪುಟ್ಟ ಸೀಮೆಯಲ್ಲಿದ್ದವರು 1,80,607 ಮಂದಿ. 1911ರಲ್ಲಿ 1,74,976. 1921ಕ್ಕೆ 1,63,838, 1931ಕ್ಕೆ 1,63,327. ಮೂವತ್ತು ವರ್ಷಗಳಲ್ಲಿ ಹದಿನೇಳು ಸಾವಿರ ಜನ ಕಡಿಮೆಯಾದರು. ಕಾರಣ ಒಂದೇ ಅಲ್ಲ. ತೋಟದ ಕೂಲಿಯವರು ಬಂದುಹೋಗುವ ಜನ. 1918ರ ಇನ್‌ಫ್ಲುಯೆಂಜ ಎಲ್ಲ ಕಡೆಯೂ ಮನೆಮನೆಯನ್ನು ಹೊಕ್ಕಿತ್ತು. ಆದರೆ ಇವೆರಡರ ಜೊತೆಗೆ, ವರ್ಷ ಬಿಡದೆ ಬರುತ್ತಿದ್ದ ಇನ್ನೊಂದು ಇತ್ತು. ಅದು ಚಳಿಜ್ವರ, ಎಂದರೆ ಮಲೇರಿಯ.

ಮಲೇರಿಯ ಬಸುರಿಯನ್ನು ಹಿಡಿದರೆ ಒಂದು ಜೀವದ ಮಾತಲ್ಲ. ಅದರ ರೋಗಾಣುಗಳು ಮಾಸಿನಲ್ಲಿ ಮನೆಮಾಡಿಕೊಂಡು ಒಳಗಿನ ಕೂಸಿಗೆ ಹೋಗುವ ಆಹಾರವನ್ನು ತಡೆಯುತ್ತವೆ. ಬಸಿರು ಇಳಿಯುತ್ತದೆ, ಇಳಿಯದಿದ್ದರೆ ಕೂಸು ಸತ್ತು ಹುಟ್ಟುತ್ತದೆ, ಇಲ್ಲವೆ ತೂಕವಿಲ್ಲದೆ ಹುಟ್ಟಿ ಕೆಲವು ದಿನ ಕಣ್ಣುಬಿಟ್ಟು ಹೋಗುತ್ತದೆ. ಜ್ವರ ಸದಾ ನೆಲೆಸಿರುವ ಸೀಮೆಗಳಲ್ಲಿ ಚೊಚ್ಚಲ ಬಸಿರಿಗೇ ಅಪಾಯ ಹೆಚ್ಚು. ಡಿ.ಡಿ.ಟಿ. ಬಂದು, 1953ರಲ್ಲಿ ದೇಶವ್ಯಾಪಿಯಾದ ಮಲೇರಿಯ ನಿಯಂತ್ರಣ ಯೋಜನೆ ಆರಂಭವಾಗುವವರೆಗೆ ಕಾಡಿನ ಅಂಚಿನ ಹಳ್ಳಿಗಳೂ ತೋಟದ ಲೈನುಮನೆಗಳೂ ಈ ಭಯದಲ್ಲೇ ಬಾಳಿದವು. ಗಣತಿಯವನು ಎಣಿಸಿದ್ದು ಇದ್ದವರನ್ನು. ಹತ್ತು ವರ್ಷಕ್ಕೊಮ್ಮೆ ಬರುವ ಅವನ ಎರಡು ಭೇಟಿಗಳ ನಡುವೆ ಹುಟ್ಟಿ ಹೋದ ಕೂಸು ಯಾವ ಕೋಷ್ಟಕಕ್ಕೂ ಸೇರಲಿಲ್ಲ.

ನಾನು ಭಾಷೆಯ ಮೇಷ್ಟ್ರು. ಅಂಕಿಗಳಿಗಿಂತ ಮಾತನ್ನು ನಂಬುವವನು. ಕನ್ನಡದ ಹೆಣ್ಣುಮಕ್ಕಳು ಇಂಥ ಕೂಸನ್ನು ‘ಸತ್ತಿತು’ ಎನ್ನುವುದು ಅಪರೂಪ, ‘ದಕ್ಕಲಿಲ್ಲ’ ಎನ್ನುತ್ತಾರೆ. ದಕ್ಕುವುದು ಎಂದರೆ ಕೈಗೆ ಬಂದದ್ದು ತನ್ನದಾಗಿ ಉಳಿಯುವುದು. ಆಸ್ತಿ ದಕ್ಕುತ್ತದೆ, ಉಂಡ ಅನ್ನ ದಕ್ಕುತ್ತದೆ. ಮಗುವೂ ದಕ್ಕಬೇಕು. ಎರಡು ಮೂರು ಕೂಸು ದಕ್ಕದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆದರು; ಗುಂಡ, ಕಲ್ಲವ್ವ ಎಂದು ಹೆಸರಿಟ್ಟರು. ಮೃತ್ಯು ಈ ಒರಟು ಹೆಸರನ್ನು ಕೇಳಿ ಬೇಡವೆಂದು ಹೋಗಲಿ ಎಂಬ ಆಸೆ. ಹಾಜರಿ ಪುಸ್ತಕದಲ್ಲಿ ತಿಪ್ಪೇಸ್ವಾಮಿ ಎಂದು ಓದುವಾಗ ನಾವು ಗ್ರಾಮದೇವತೆಯನ್ನೋ ನಾಯಕನಹಟ್ಟಿಯನ್ನೋ ನೆನೆಯುತ್ತೇವೆ. ಅಂಥ ಕೆಲವು ಹೆಸರುಗಳ ಹಿಂದೆ ಹೆಸರಿಲ್ಲದ ಅಣ್ಣ ಅಕ್ಕಂದಿರು ಇದ್ದಾರು.

ಉಳಿದವರಿಗೆ ಹೆಸರು ಬಂತು, ಹೋದವರಿಗೆ ಏನಿತ್ತು? ಶಾಸ್ತ್ರ ಮಿತವಾಗಿ ಮಾತನಾಡುತ್ತದೆ. ಎರಡು ವರ್ಷ ತುಂಬದ ಕೂಸನ್ನು ಊರ ಹೊರಗೆ ಹೂಳಬೇಕು, ಅಗ್ನಿಯಿಲ್ಲ, ನೀರು ಬಿಡುವುದಿಲ್ಲ. ಬಸಿರು ಇಳಿದರೆ ಎಷ್ಟು ತಿಂಗಳೋ ಅಷ್ಟು ರಾತ್ರಿ ತಾಯಿಗೆ ಅಶೌಚ ಎಂದು ಮನುಸ್ಮೃತಿ ಲೆಕ್ಕ ಕೊಡುತ್ತದೆ. ಕೊಡವರು ಮನುವನ್ನು ಕೇಳಿ ನಡೆದವರಲ್ಲ. ಅವರದು ಹಿರಿಯರ ಧರ್ಮ. ಗಂಡುಮಗು ಹುಟ್ಟಿದರೆ ಹರಳುಗಿಡದ ಕಡ್ಡಿಯ ಬಿಲ್ಲು, ಅದರ ಎಲೆದಂಟಿನ ಬಾಣವನ್ನು ಪುಟ್ಟ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಕೋವಿ ಹಾರಿಸಿ ಊರಿಗೆ ತಿಳಿಸುವ ಜನ ಇವರು. ಐನ್‌ಮನೆಯ ಬಳಿಯ ಕೈಮಡದಲ್ಲಿ ಒಕ್ಕದ ಮೂಲಪುರುಷನಾದ ಕಾರೋಣನಿಗೆ ಪೂಜೆ ಸಲ್ಲುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರ ತಮ್ಮ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಬ್ಬ, ಮದುವೆ, ಸಾವುಗಳ ಹಾಡುಗಳನ್ನು ಕೂಡಿಸಿ ದೊಡ್ಡ ಉಪಕಾರ ಮಾಡಿದರು. ಬಾಳಿ ಹೋದವನ ಬಗೆಗೆ ಹಾಡಲು ಬಾಳಾದರೂ ಇದೆ. ಬಿಲ್ಲನ್ನು ಹಿಡಿಯದೆ ಹೋದ ಕೈಯ ಬಗೆಗೆ ಏನನ್ನು ಹಾಡುವುದು?

ಹಾಡಿಲ್ಲದ ಕಡೆ ನೆರೆಯ ಹೆಂಗಸು ಬರುತ್ತಿದ್ದಳು. ಇದಕ್ಕೆ ದಾಖಲೆ ಕೇಳಬಾರದು. ನನ್ನ ಮನೆಯ ಒಂದು ಸಂಗತಿಯನ್ನು ಮಾತ್ರ ಹೇಳಬಲ್ಲೆ. ನಾನು ಪಾಠ ಹೇಳಲು ಮಡಿಕೇರಿಗೆ ಬಂದ ಮೂರನೆಯ ವರ್ಷ ನಮ್ಮ ಮೊದಲ ಮಗು ಜೀವವಿಲ್ಲದೆ ಹುಟ್ಟಿತು. ಆಸ್ಪತ್ರೆಯಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ನನಗೆ ಎರಡು ನಿಮಿಷ ತೋರಿಸಿದರು. ತಾಯಿ ನೋಡಿದರೆ ಮರೆಯುವುದು ಕಷ್ಟ ಎಂದು ಅವಳಿಗೆ ತೋರಿಸಲಿಲ್ಲ, ನಾನೂ ಹೌದೆಂದೆ. ಮನೆಗೆ ಬಂದವರೆಲ್ಲ ಮಳೆಯ ಮಾತು, ಮುಂದಿನ ಮಗುವಿನ ಮಾತು ಆಡಿದರು. ಎದುರು ಮನೆಯ ಹಿರಿಯ ಕೊಡವ ಹೆಂಗಸು, ನಾವು ಅಕ್ಕ ಎನ್ನುತ್ತಿದ್ದವರು, ಒಂದು ಸಂಜೆ ಗಂಜಿ ತಂದಿಟ್ಟು ನನ್ನ ಹೆಂಡತಿಯ ಹತ್ತಿರ ಕುಳಿತು, “ಮಗು ಯಾರ ಹಾಗಿತ್ತು?” ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ಉತ್ತರ ನನ್ನೊಬ್ಬನಲ್ಲಿ ಇತ್ತು. “ಮೂಗು ನಿನ್ನದೇ” ಎಂದೆ. ಹನ್ನೊಂದು ದಿನದಿಂದ ಅಳದಿದ್ದವಳು ಆಗ ಅತ್ತಳು. ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು, ತಮಗೂ ಇಬ್ಬರು ದಕ್ಕಲಿಲ್ಲ, ಒಬ್ಬನ ಗಲ್ಲದಲ್ಲಿ ಗುಳಿಯಿತ್ತು ಎಂದರು. ಆ ಗುಳಿಗೆ ಆಗ ನಲವತ್ತು ವರ್ಷವಾಗಿತ್ತು.

ಇದನ್ನು ಹಳ್ಳಿಯ ಸಂಗತಿ, ಹಿಂದುಳಿದವರ ಸಂಗತಿ ಎಂದು ಯಾರೂ ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಗಳಲ್ಲೂ ಬಹುಕಾಲ ಇದೇ ನಡೆಯಿತು. ಸತ್ತು ಹುಟ್ಟಿದ ಕೂಸನ್ನು ಕೂಡಲೇ ಸರಿಸಿಬಿಡುವುದು, ಎಲ್ಲಿ ಹೂಳಿದರೆಂದು ಎಷ್ಟೋ ತಾಯಂದಿರಿಗೆ ತಿಳಿಸದೆ ಇರುವುದು, ಬೇಗ ಇನ್ನೊಂದು ಹಡೆಯಿರಿ ಎಂದು ಕಳುಹಿಸುವುದು. 1968ರಲ್ಲಿ ಕೊವೆಂಟ್ರಿಯ ಆಸ್ಪತ್ರೆಯೊಂದರಲ್ಲಿ ಇಬ್ಬರು ಹುಡುಗರು ತೀರಿಕೊಂಡರು. ಸೈಮನ್ ಸ್ಟೀಫನ್ಸ್ ಎಂಬ ಅಲ್ಲಿನ ತರುಣ ಪಾದ್ರಿ ಒಂದು ವಿಷಯವನ್ನು ಗಮನಿಸಿದ: ತಾನು ಆಡುವ ಸಮಾಧಾನಕ್ಕಿಂತ ಆ ಎರಡು ದಂಪತಿಗಳು ಒಬ್ಬರಿಗೊಬ್ಬರು ಆಡುವ ಮಾತಿನಲ್ಲಿ ಹೆಚ್ಚು ಹುರುಳಿತ್ತು. ಮರುವರ್ಷ ಅವರೆಲ್ಲ ಕೂಡಿ ‘ಕಂಪ್ಯಾಷನೇಟ್ ಫ್ರೆಂಡ್ಸ್’ ಎಂಬ ಸಂಘವನ್ನು ಕಟ್ಟಿದರು. ಸ್ವತಃ ಕಳೆದುಕೊಂಡ ತಂದೆತಾಯಿಗಳೇ ಅದರಲ್ಲಿ ನೆರವಾಗುವವರು. 1976ರಲ್ಲಿ ಬೆಲ್ ಮೂನಿ ಎಂಬ ಪತ್ರಕರ್ತೆ ತನ್ನ ಸತ್ತು ಹುಟ್ಟಿದ ಮಗನ ಬಗೆಗೆ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆದಳು. ಓದಿದ ತಾಯಂದಿರ ಕಾಗದಗಳು ಬಂದು ಬಿದ್ದವು. 1978ರಲ್ಲಿ ಇಂಥ ಕೂಸುಗಳ ತಂದೆತಾಯಿಗಳಿಗಾಗಿಯೇ ಒಂದು ಸಂಘ ಹುಟ್ಟಿತು. ಈಗ ಅದರ ಹೆಸರು ಸ್ಯಾಂಡ್ಸ್. ಸೂಲಗಿತ್ತಿಯರಿಗೆ, ಡಾಕ್ಟರುಗಳಿಗೆ ಅವರು ಕಲಿಸಿದ್ದು ಸಣ್ಣ ಸಂಗತಿ: ಬಯಸುವ ತಾಯಿಗೆ ಕೂಸನ್ನು ತೋರಿಸಿ, ಎತ್ತಿಕೊಳ್ಳಲು ಬಿಡಿ, ಹೆಸರಿಡಲು ಬಿಡಿ. ನಮ್ಮ ಎದುರು ಮನೆಯ ಅಕ್ಕ ಈ ಸಂಘದ ಹೆಸರನ್ನು ಕೇಳಿರಲಾರರು.

ನಮ್ಮಲ್ಲಿ ಇಂಥ ಕೆಲಸ ಸಂಘಕ್ಕಿಂತ ವ್ಯಕ್ತಿಯನ್ನು ಆಶ್ರಯಿಸಿ ನಡೆಯಿತು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಓದುಗರು ಮರೆತಿರಲಾರರು. 1920ರಲ್ಲಿ ಹುಟ್ಟಿದವರು, ಅಲೆಮಾರಿ ಸಮುದಾಯದವರು. ಸುಮಾರು ಎಪ್ಪತ್ತು ವರ್ಷ, ಕಾಸು ಮುಟ್ಟದೆ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ವರ್ಷದ ಡಿಸೆಂಬರಿನಲ್ಲೇ ಅವರು ಕಾಲವಾದರು. ಪ್ರಶಸ್ತಿಯ ವರದಿಗಳಲ್ಲಿ ಒಂದು ಸಾಲು ಬಂದು ಹೋಯಿತು: ಅವರು ಹೆತ್ತ ಹನ್ನೆರಡು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಹೋಗಿದ್ದರು. ಆ ದುಃಖದಿಂದಲೇ ಈ ಕೆಲಸ ಹಿಡಿದರೆಂದು ನಾನು ಹೇಳಲಾರೆ. ಅವರಿಗೆ ಇದು ಅಜ್ಜಿಯಿಂದ ಬಂದ ವಿದ್ಯೆ. ಆದರೆ ಅಂಥವರು ಕೋಣೆಯಲ್ಲಿದ್ದಾಗ ಹೆರುವವಳ ಭಯಕ್ಕೆ ಭಾಷ್ಯ ಬೇಕಿರಲಿಲ್ಲ.

ಕಾಯಿದೆಯೂ ತನ್ನ ಒಣ ಭಾಷೆಯಲ್ಲಿ ಕೆಲವು ಮಾತು ಹೇಳಿದೆ. 1961ರ ಹೆರಿಗೆ ಸೌಲಭ್ಯ ಕಾಯಿದೆ ಬಸಿರು ಇಳಿದ ಹೆಂಗಸಿಗೆ ಆರು ವಾರದ ಸಂಬಳಸಹಿತ ರಜೆ ಕೊಟ್ಟಿತು. ಅದು ತೋಟದ ಕೆಲಸದವಳಿಗೂ ಅನ್ವಯಿಸಿತು; 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿಯಿತು. ಕೊಡಗಿನಂಥ ಜಿಲ್ಲೆಗೆ ಇದು ಸಣ್ಣದಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆ ಮೃತಜನನವನ್ನೂ ಜನನವೆಂದೇ ಎಣಿಸಿ, ಅದನ್ನು ಬರೆಸಬೇಕೆಂದಿತು. ಹೆರಿಗೆಯ ಹೊತ್ತಿಗೋ ಆಮೇಲೆ ಬೇಗನೆಯೋ ಮಗುವನ್ನು ಕಳೆದುಕೊಂಡ ತನ್ನ ಮಹಿಳಾ ನೌಕರರಿಗೆ ಕೇಂದ್ರ ಸರ್ಕಾರ 60 ದಿನದ ವಿಶೇಷ ರಜೆ ಕೊಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ರಜೆಯಲ್ಲಿ ಮನೆಯಲ್ಲಿ ಕುಳಿತವಳ ಹತ್ತಿರ ಯಾರು ಬಂದು ಕುಳಿತುಕೊಳ್ಳಬೇಕು ಎಂಬುದನ್ನು ಯಾವ ಆದೇಶವೂ ಬರೆಯಲಾರದು.

ಎದುರು ಮನೆಯ ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ನಮ್ಮ ಬೀದಿಯಲ್ಲಿ, ನನ್ನ ಸಹೋದ್ಯೋಗಿಗಳ ಮನೆಯಲ್ಲಿ ಅಂಥ ಸುದ್ದಿ ಬಂದರೆ ನನ್ನ ಹೆಂಡತಿ ಗಂಜಿಯ ಪಾತ್ರೆ ಹಿಡಿದು ಹೋಗುತ್ತಾಳೆ. ನಾನೂ ಹಿಂದೆ ಹೋಗುತ್ತೇನೆ. ಅವಳು ಒಳಗೆ ಹೋದ ಮೇಲೆ ಆ ಮನೆಯ ಗಂಡಸು, ನಾನು, ಜಗಲಿಯಲ್ಲಿ ಕುಳಿತಿರುತ್ತೇವೆ. ಮೊದಲ ಸಲ ನಾನು ಮಳೆಯ ಮಾತನ್ನೇ ಆಡಿದೆ.